ಹೊಸ್ತಿಲು ದಾಟುವ ಬಟ್ಟಲು

ಒಂದು ಓಣಿಯ ಬಟ್ಟಲುಗಳು ದಿನಕ್ಕೆ ಎಷ್ಟು ಸಲ ಹೊಸ್ತಿಲು ದಾಟುತ್ತವೆ ಎಂಬುದು ಗೊತ್ತಾದರೆ, ಆ ಓಣಿಯ ಜನ ಒಬ್ಬರಿಗೊಬ್ಬರು ಎಷ್ಟು ಬೇಕಾದವರು ಎಂಬುದೂ ಗೊತ್ತಾದೀತೇ? ಡಾಕ್ಟರ್ ಮೈತ್ರೇಯಿ ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಯಾವ ವಿಜ್ಞಾನ ಸಮ್ಮೇಳನದಲ್ಲೂ ಅಲ್ಲ. ಸಿರಿಗಟ್ಟಿಯ ಸ್ಟೀಲ್ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಹಾಕುತ್ತಿದ್ದ ಕಾಶವ್ವ ಪತ್ತಾರಳನ್ನು ಕೇಳಿದಳು.

ಅವತ್ತು ಮೈತ್ರೇಯಿ ಎರಡು ಖಾನೆಯ ಊಟದ ಡಬ್ಬಿ ಕೊಂಡಿದ್ದಳು. ಕರೆಂಟಿನ ಸೂಜಿಯನ್ನು ಗುಂಯ್‌ಗುಡಿಸುತ್ತ ಕಾಶವ್ವ ಅದರ ಮುಚ್ಚಳದ ಮೇಲೆ ಅಕ್ಷರ ಮೂಡಿಸುವುದನ್ನು ಕುಕ್ಕರುಗಾಲಲ್ಲಿ ಕೂತು ನೋಡಿದಳು. ಎಲ್ಲ ಪಾತ್ರೆಗೂ ಹೆಸರು ಯಾಕೆ ಎಂದು ಕೇಳಿದಳು. ಕಾಶವ್ವನಿಗೆ ನಗು ಬಂತು. ಪಾತ್ರೆಗಳು ಮನೆ ಬಿಟ್ಟು ತಿರುಗುತ್ತವೆ, ತಿರುಗಿ ಬರುವಾಗ ದಾರಿ ತಪ್ಪಬಾರದಲ್ಲ ಎಂದಳು. ಒಂದು ಮನೆಯಿಂದ ಪಲ್ಯ ಹೋಗುತ್ತದೆ, ಅದೇ ಬಟ್ಟಲಲ್ಲಿ ಇನ್ನೊಂದು ಮನೆಯಿಂದ ಹಿಂಡಿ ಚಟ್ನಿ ಬರುತ್ತದೆ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತದೆ.

"ಖಾಲಿ ಭಾಂಡೆ ಯಾರೂ ತಿರುಗಿ ಕೊಡಂಗಿಲ್ಲವ್ವಾ," ಎಂದಳು ಕಾಶವ್ವ. "ಖಾಲಿ ಕೊಟ್ರ ನಿನ್ನ ಹೊಸ್ತಿಲ ಇನ್ನ ತುಳಿಯಂಗಿಲ್ಲ ಅಂದಂಗ."

ಮೈತ್ರೇಯಿ ಈ ಮಾತನ್ನು ಆಗಲೇ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ತನ್ನ ಮಾತನ್ನೂ ಬರೆದುಕೊಳ್ಳುವವರಿದ್ದಾರೆ ಎಂದು ಕಾಶವ್ವನಿಗೆ ಒಳಗೊಳಗೇ ಹಿಗ್ಗಾಯಿತು. ಅವತ್ತು ಅವಳು ಡಬ್ಬಿಯ ಮೇಲೆ ಹೆಸರಿನ ಜೊತೆಗೆ ಒಂದು ಸಣ್ಣ ಬಳ್ಳಿಯನ್ನೂ ಬಿಡಿಸಿಕೊಟ್ಟಳು.

ಸಿರಿಗಟ್ಟಿ ಹತ್ತು ವರ್ಷದಲ್ಲಿ ನಾಲ್ಕು ಪಟ್ಟು ಬೆಳೆದ ಊರು. ಬ್ಯಾಟರಿ ಕಾರ್ಖಾನೆ ಬಂತು, ಅದರ ಬೆನ್ನಿಗೆ ಗಾರ್ಮೆಂಟ್ಸ್ ಬಂತು. ಬೀದರಿನಿಂದ, ಗದಗಿನಿಂದ, ಒಡಿಶಾದಿಂದ ಜನ ಬಂದರು. ಬಡಾವಣೆಗಳು ಎಷ್ಟು ಬೇಗ ಎದ್ದವೆಂದರೆ ಹೆಸರಿಡಲು ಪುರಸೊತ್ತಾಗದೆ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಿಬಿಟ್ಟರು. ಮೂರನೆಯದರಲ್ಲಿ ನೀರಿನ ವಿಷಯಕ್ಕೆ ಆದ ಜಗಳ ಗಲಭೆಯಾಗಿ ಇಬ್ಬರು ಸತ್ತ ಮೇಲೆ ಸರಕಾರ ಎಚ್ಚೆತ್ತು, ಬೆಟ್ಟದ ಬುಡದಲ್ಲಿ ಸಾಮರಸ್ಯ ಮಾಪನ ಕೇಂದ್ರವನ್ನು ಕಟ್ಟಿತು. ಕಾರ್ಖಾನೆಯ ಹೊಗೆಯನ್ನು ಅಳೆಯುವ ಹಾಗೆ ಜನರ ನಡುವಿನ ನಂಟನ್ನೂ ಅಳೆಯಬೇಕು, ನಂಟು ತೆಳುವಾದಲ್ಲಿ ಸರಕಾರ ಮೊದಲೇ ಕೈ ಹಾಕಬೇಕು ಎಂಬುದು ಅದರ ಉದ್ದೇಶ. ಮೈತ್ರೇಯಿ ಅಲ್ಲಿನ ಮುಖ್ಯ ವಿಜ್ಞಾನಿ.

ಮೊದಲು ಅವರು ಪ್ರಶ್ನೆಪತ್ರಿಕೆ ಹಿಡಿದು ಮನೆಮನೆಗೆ ಹೋದರು. ನೆರೆಯವರು ಹೇಗಿದ್ದಾರೆ ಎಂದರೆ ಎಲ್ಲರೂ ಚಲೋ ಅದಾರ್ರಿ ಎಂದರು. ಇಬ್ಬರು ಸತ್ತಿದ್ದ ಮೂರನೇ ಬಡಾವಣೆಯವರೂ ಹಾಗೇ ಅಂದರು. ಆಮೇಲೆ ಕ್ಯಾಮೆರಾ ಹಾಕಲು ನೋಡಿದರು, ಹೆಂಗಸರು ಅದರ ಮೇಲೆ ಟವೆಲ್ ಒಣಹಾಕಿದರು. ಕಾಶವ್ವನ ಬಟ್ಟಲಿನ ಮಾತು ಸಿಕ್ಕ ಮೇಲೆ ಮಾತ್ರ ಕೆಲಸ ಕೈಗೂಡಿತು.

ಯಂತ್ರ ತೀರ ಸರಳ. ಸಾಸಿವೆ ಕಾಳಿನಷ್ಟು ಸಣ್ಣ ಒಂದು ಬಿಲ್ಲೆ. ಅದಕ್ಕೆ ಬ್ಯಾಟರಿಯಿಲ್ಲ, ಕಿವಿಯಿಲ್ಲ, ಕಣ್ಣಿಲ್ಲ. ಎಲ್ಲರೂ ಅದನ್ನು ಕಾಳು ಎಂದೇ ಕರೆದರು. ಪಾತ್ರೆಯ ಮೇಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕಿ ಕೊರೆದು ಅದರಲ್ಲಿ ಕಾಳನ್ನು ಕೂರಿಸಬೇಕು. ಮನೆಯ ಬಾಗಿಲ ಮೇಲೊಂದು ಅಂಗೈ ಅಗಲದ ಗ್ರಾಹಕ. ಪಾತ್ರೆ ಅದರ ಕೆಳಗೆ ಹಾದಾಗ ಕಾಳು ಎಚ್ಚೆತ್ತು ತನ್ನ ಸಂಖ್ಯೆ ಹೇಳುತ್ತದೆ, ಟಿಕ್ ಎಂದು ಸಣ್ಣ ಸದ್ದಾಗುತ್ತದೆ, ಅಷ್ಟೆ. ಯಾರ ಬಟ್ಟಲು ಯಾರ ಮನೆಗೆ ಹೋಯಿತು, ಯಾವಾಗ ತಿರುಗಿ ಬಂತು, ಇಷ್ಟು ಮಾತ್ರ ಕೇಂದ್ರಕ್ಕೆ ತಿಳಿಯುತ್ತದೆ. ಇದನ್ನೆಲ್ಲ ಸೇರಿಸಿ ಪ್ರತಿ ಬಡಾವಣೆಗೆ ನೂರಕ್ಕೆ ಇಷ್ಟು ಎಂದು ಬೆಸುಗೆ ಅಂಕ ಕೊಡುತ್ತಾರೆ.

ಬಟ್ಟಲಲ್ಲಿ ಏನಿದೆ ಎಂದು ಕಾಳಿಗೆ ಗೊತ್ತಾಗುತ್ತದೆಯೇ ಎಂದು ಕಾಶವ್ವ ಕೇಳಿದ್ದಳು. ಗೊತ್ತಾಗಬೇಕಿಲ್ಲ ಎಂದಿದ್ದಳು ಮೈತ್ರೇಯಿ, ಇಲ್ಲಿ ಯಾರೂ ಖಾಲಿ ಕೊಡುವುದಿಲ್ಲ ಎಂದು ನೀವೇ ಹೇಳಿದ್ದೀರಲ್ಲ.

ಎಂಟನೇ ಬಡಾವಣೆಯ ನಾನೂರು ಮನೆಗಳ ಪಾತ್ರೆಗಳಿಗೆ ಕಾಳು ಕೂರಿಸಿದವಳು ಕಾಶವ್ವನೇ. ಹೊರಗಿನವರು ಬಂದಿದ್ದರೆ ಹೆಂಗಸರು ಬಾಗಿಲನ್ನೇ ತೆರೆಯುತ್ತಿರಲಿಲ್ಲ. ಕಾಶವ್ವ ಬಂದಳೆಂದು ಚಾ ಕೊಟ್ಟರು, ಅಟ್ಟದ ಮೇಲಿನ ಪಾತ್ರೆಯನ್ನೂ ಇಳಿಸಿಕೊಟ್ಟರು. ಇದರಿಂದ ನಮಗೇನಾದರೂ ಕೇಡುಂಟೇ ಎಂದು ಕೇಳಿದವರಿಗೆ, ಆ ಹುಡುಗಿ ಅಂಥವಳಲ್ಲ ಎಂದು ಕಾಶವ್ವ ತನ್ನ ಮಾತು ಕೊಟ್ಟಳು.

ಕಾಶವ್ವನಿಗೆ ಹಗಲಿಡೀ ಹೀಗೆ ತಿರುಗುವುದು ಸಾಧ್ಯವಾದದ್ದು ಆರೈಕೆ ಮನೆಯಿಂದ. ಮಗಳು ನಂದಾಳಿಗೆ ಇಪ್ಪತ್ತಾರು ವರ್ಷ. ಹುಟ್ಟಿದಾಗಿನಿಂದ ಫಿಟ್ಸ್. ಬುದ್ಧಿ ಆರೇಳು ವರ್ಷದ ಮಗುವಿನದು, ನಗು ಮಾತ್ರ ಓಣಿಗೆಲ್ಲ ಕೇಳುವಂಥದ್ದು. ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡುವಂತಿಲ್ಲ. ನೀರಿನ ಟಾಕಿಯ ಪಕ್ಕದಲ್ಲಿದ್ದ ಸರಕಾರದ ಆರೈಕೆ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಇಂಥ ಹದಿನಾಲ್ಕು ಜನರನ್ನು ನೋಡಿಕೊಳ್ಳುತ್ತಿದ್ದರು. ನರ್ಸ್ ಫಿಲೋಮಿನಾ ನಂದಾಳಿಗೆ ಶೇಂಗಾ ಸುಲಿಯಲು ಕಲಿಸಿದ್ದಳು. ಅಂಚು ದುಂಡಗಿರುವ ಒಂದು ಮರದ ಕುರ್ಚಿಗೆ ಹಳೆಯ ಸೀರೆಯ ಮೆತ್ತೆ ಹೊಲಿದು, ಅದನ್ನು ನಂದಾಳದೇ ಮಾಡಿಟ್ಟಿದ್ದಳು. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಟಾಕಿಯ ಹತ್ತಿರ ಒಂದು ಫಲಕ ಬಂತು. ಪ್ರತಿ ಸೋಮವಾರ ಅದರಲ್ಲಿ ಬೆಸುಗೆ ಅಂಕ ಮೂಡುತ್ತಿತ್ತು. ಎಂಟನೇ ಬಡಾವಣೆ ನಲವತ್ತೊಂದು, ಪಕ್ಕದ ಏಳನೇ ಬಡಾವಣೆ ಐವತ್ತೈದು. ನಮ್ಮ ಜನಕ್ಕೆ ಅಂಕವೆಂದರೆ ಒಂದೇ ಅರ್ಥ. ಅಂಕ ಹೆಚ್ಚು ಬಂದರೆ ಪಾಸು, ಕಡಿಮೆ ಬಂದರೆ ಮಾನ ಹೋಯಿತು. ಇದು ಪರೀಕ್ಷೆ ಎಂದು ಯಾರೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಏಳನೆಯವರು ನಲ್ಲಿಯ ಹತ್ತಿರ ನಕ್ಕರೆಂದು ಸುದ್ದಿಯಾಯಿತು.

ಆ ವಾರ ಮೈತ್ರೇಯಿ ಊಟಕ್ಕೆ ಬಂದಳು. ಅವಳು ಹಾಗೆ ಆಗಾಗ ಬರುತ್ತಿದ್ದಳು, ನಂದಾಳ ಜಡೆ ಹೆಣೆಯುತ್ತಿದ್ದಳು, ತನ್ನ ಡಬ್ಬಿಯನ್ನು ಬಿಟ್ಟು ಹೋಗುತ್ತಿದ್ದಳು. ಕಾಶವ್ವ ಅದರಲ್ಲಿ ಹಿಂಡಿಯನ್ನೋ ಉಂಡಿಯನ್ನೋ ತುಂಬಿ ಮರಳಿಸುತ್ತಿದ್ದಳು. ತಾಯಿ ಇಲ್ಲದ ಹುಡುಗಿ ಎಂದು ಅವಳಿಗೆ ಒಂದು ತುತ್ತು ಹೆಚ್ಚೇ.

"ಅಂಕ ಹೆಚ್ಚು ಬಂದ್ರ ಚಲೋ ಹೌದಲ್ಲೋ ತಂಗಿ?" ಎಂದು ಕಾಶವ್ವ ಕೇಳಿದಳು.

ಮೈತ್ರೇಯಿ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ತಲೆ ಎತ್ತಲಿಲ್ಲ. "ಹೆಚ್ಚು ಬಂದರೆ ಒಳ್ಳೆಯದೇ ಅಲ್ವಾ, ಕಾಶವ್ವ," ಎಂದಳು.

ಕಾಶವ್ವ ಮರುದಿನವೇ ಸೆರಗು ಬಿಗಿದಳು. ಮನೆಮನೆಗೆ ಹೋಗಿ, ಮಾಡಿದ್ದರಲ್ಲಿ ಒಂದು ಹಿಡಿ ಪಕ್ಕದ ಮನೆಗೆ ಕಳಿಸಿ ಎಂದಳು. ಎಲ್ಲಕ್ಕಿಂತ ಕಷ್ಟವಾದದ್ದು ಸಿದ್ದಮ್ಮ ಮತ್ತು ರಜಿಯಾ. ಎದುರುಬದುರು ಮನೆ. ಬಚ್ಚಲ ನೀರಿನ ಜಗಳಕ್ಕೆ ಎರಡು ವರ್ಷದಿಂದ ಮಾತಿಲ್ಲ. ಸಿದ್ದಮ್ಮ ಕಾಶವ್ವನ ಕಾಟಕ್ಕೆ ಒಂದು ಬಟ್ಟಲು ಕಳಿಸಿದಳು, ಅದರಲ್ಲಿ ಇದ್ದದ್ದು ನಾಲ್ಕು ಒಣಮೆಣಸಿನಕಾಯಿ. ಖಾಲಿ ಕಳಿಸಿಲ್ಲವಲ್ಲ ಎಂದಳು. ಗಾರ್ಮೆಂಟ್ಸಿನಿಂದ ಆಗಷ್ಟೇ ಬಂದಿದ್ದ ರಜಿಯಾ ಮೆಣಸಿನಕಾಯಿ ನೋಡಿ ಸೊಂಟದ ಮೇಲೆ ಕೈ ಇಟ್ಟು ನಿಂತಳಂತೆ. ಆಮೇಲೆ ಅದೇ ಬಟ್ಟಲಿನ ತುಂಬ ಸಕ್ಕರೆ ಹಾಕಿ ತಿರುಗಿ ಕಳಿಸಿದಳು.

"ಖಾರ ತಿಂದ ಬಾಯಿಗೆ ಬೇಕಾಗ್ತದಂತ ಹೇಳ್ರಿ," ಎಂದು ಕಾಶವ್ವನ ಕೈಯಲ್ಲಿ ಹೇಳಿಕಳಿಸಿದಳು.

ಸಿದ್ದಮ್ಮ ಸಕ್ಕರೆಯನ್ನು ತನ್ನ ಡಬ್ಬಕ್ಕೆ ಸುರಿದುಕೊಂಡಳು. ಮರುದಿನ ಶೇಂಗಾ ಹೋಳಿಗೆ ಮಾಡಿ ತಾನೇ ರಸ್ತೆ ದಾಟಿ ಕೊಟ್ಟು ಬಂದಳು. ಅಂಕಕ್ಕಾಗಿ ಆರಂಭವಾದದ್ದು ಎಲ್ಲಿ ನಿಜವಾಯಿತು ಎಂದು ಹೇಳಲು ಬರುವುದಿಲ್ಲ. ಒಂದು ದಿನ ರಜಿಯಾಳ ತಾಯಿಗೆ ಜ್ವರ ಬಂದಾಗ ಸಿದ್ದಮ್ಮ ಹಣೆಗೆ ಪಟ್ಟಿ ಹಾಕುತ್ತ ಕೂತಿದ್ದಳು. ಅದಕ್ಕೆ ಯಾವ ಗ್ರಾಹಕವೂ ಟಿಕ್ ಎನ್ನಲಿಲ್ಲ.

ಅಂಕ ಐವತ್ತು ದಾಟಿತು, ಅರವತ್ತು ದಾಟಿತು. ಮೈತ್ರೇಯಿ ಒಂದು ದಿನ ಕಾಶವ್ವ, ನಂದಾ ಇಬ್ಬರನ್ನೂ ಕೇಂದ್ರಕ್ಕೆ ಕರೆದೊಯ್ದಳು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಊರೆಲ್ಲ ಚುಕ್ಕಿಗಳು. ಒಂದೊಂದು ಬಟ್ಟಲು ದಾಟಿದಾಗಲೂ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಬೆಳ್ಳಿಯ ಎಳೆ ಮೂಡುತ್ತಿತ್ತು. ಎಂಟನೇ ಬಡಾವಣೆ ಜೇಡರ ಬಲೆಯ ಹಾಗೆ ಹೊಳೆಯುತ್ತಿತ್ತು. ಆ ಕೋಣೆಯ ಬಾಗಿಲಿಗೂ ಬಂದವರಿಗೆ ತೋರಿಸಲೆಂದು ಒಂದು ಗ್ರಾಹಕ ಹಾಕಿದ್ದರು. ಕಾಶವ್ವ ಕಾಳು ಕೂರಿಸಿಕೊಟ್ಟಿದ್ದ ತನ್ನ ಡಬ್ಬಿ ಹಿಡಿದು ಒಳಹೊರಗೆ ಮಾಡಿ ಮೈತ್ರೇಯಿ ಟಿಕ್ ಎನ್ನಿಸಿದರೆ ನಂದಾ ಚಪ್ಪಾಳೆ ತಟ್ಟಿದಳು. ಅಲ್ಲಿನ ಒಬ್ಬ ಎಂಜಿನಿಯರ್ ತನ್ನ ತಿರುಗುವ ಕುರ್ಚಿಯನ್ನು ಬಿಟ್ಟುಕೊಟ್ಟು, ಅವಳು ಸಾಕೆನ್ನುವವರೆಗೆ ತಿರುಗಿಸಿದ. ಕಾಶವ್ವ ಆ ಗೋಡೆಯನ್ನು ನೋಡಿ ತನ್ನ ಓಣಿಯ ಮನಸ್ಸನ್ನೇ ನೋಡಿದೆನೆಂದು ಕಣ್ಣು ಒರೆಸಿಕೊಂಡಳು.

ಯುಗಾದಿಯ ಹಿಂದಿನ ವಾರ ಅಂಕ ಎಪ್ಪತ್ತೆಂಟಕ್ಕೆ ಬಂತು. ರಾಜ್ಯಕ್ಕೇ ಮೊದಲು. ಟಾಕಿಯ ಹತ್ತಿರ ಶಾಮಿಯಾನ ಹಾಕಿ ಅಧಿಕಾರಿಗಳು ಕಾಶವ್ವನಿಗೆ ಶಾಲು ಹೊದಿಸಿದರು. ಮೈತ್ರೇಯಿ ಮಾತ್ರ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿಕಳಿಸಿದ್ದಳು. ಪಾಪ, ಒಬ್ಬಳೇ ಇರುವ ಹುಡುಗಿ ಎಂದು ಕಾಶವ್ವ ಸಮಾರಂಭದ ಲಾಡುಗಳಲ್ಲಿ ಎರಡನ್ನು ಅವಳಿಗೆಂದು ತೆಗೆದಿಟ್ಟಳು.

ಕಾಗದ ಬಂದದ್ದು ಹನ್ನೊಂದು ದಿನದ ಮೇಲೆ. ಎಂಟನೇ ಬಡಾವಣೆ ಸ್ವಯಂಪೋಷಿತ ದರ್ಜೆಗೆ ಏರಿದೆ. ನಿವಾಸಿಗಳಲ್ಲಿ ಪರಸ್ಪರ ಕಾಳಜಿ ಸಾಕಷ್ಟಿರುವುದರಿಂದ ಆರೈಕೆ ಮನೆಯನ್ನು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅಗತ್ಯ ಹೆಚ್ಚಿರುವ ಹದಿನಾರನೇ ಬಡಾವಣೆಗೆ ವರ್ಗಾಯಿಸಲಾಗಿದೆ. ಮರುಪರಿಶೀಲನೆ ಮೂರು ವರ್ಷದ ನಂತರ. ಅಭಿನಂದನೆಗಳು.

ಫಿಲೋಮಿನಾ ಸಾಮಾನು ಕಟ್ಟುವಾಗ ಒಂದು ಪುಸ್ತಿಕೆಯನ್ನು ಕಾಶವ್ವನ ಕೈಗಿಟ್ಟಳು. ನೀವು ಇದನ್ನು ಓದಲೇಬೇಕು ಎಂದಳು, ಅವಳ ದನಿ ಒಡೆದಿತ್ತು. ಬೆಸುಗೆ ನೀತಿ, ಕರಡು. ಬರೆದವರು ಡಾ. ಮೈತ್ರೇಯಿ. ಕಾಶವ್ವ ಏಳನೇ ಇಯತ್ತೆಯವರೆಗೆ ಓದಿದವಳು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅಂಕ ಎಪ್ಪತ್ತು ಮೀರಿದ ಬಡಾವಣೆಗಳಿಂದ ಸೇವೆಗಳನ್ನು ಹಿಂತೆಗೆದು ಬೇರೆಡೆ ಒದಗಿಸಬಹುದು. ಮೊದಲ ಪುಟದಲ್ಲಿ, ಈ ಭಾಗದಲ್ಲಿ ಯಾರೂ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ ಎಂದು ಸ್ಥಳೀಯ ಮಹಿಳೆಯೊಬ್ಬರು ತಿಳಿಸಿದರು ಎಂದಿತ್ತು. ಕೆಳಗೆ ತಾರೀಖು. ಕಾಶವ್ವ ಮೊದಲ ಕಾಳನ್ನು ಕೂರಿಸುವುದಕ್ಕೆ ಎರಡು ತಿಂಗಳು ಮುಂಚಿನದು.

ಹೆಚ್ಚು ಬಂದರೆ ಒಳ್ಳೆಯದೇ ಅಲ್ವಾ ಎಂದವಳು ಆಗ ತಲೆ ಎತ್ತದೆ ಇದ್ದದ್ದು ಕಾಶವ್ವನಿಗೆ ಈಗ ನೆನಪಾಯಿತು.

ನೆರೆಯವರು ಕೈಬಿಡಲಿಲ್ಲ, ಮೊದಮೊದಲು. ಸೋಮವಾರ ಸಿದ್ದಮ್ಮನ ಮನೆ, ಮಂಗಳವಾರ ಇನ್ನೊಬ್ಬರದು ಎಂದು ನಂದಾಳಿಗೆ ವಾರ ಹಂಚಿದರು. ರಜಿಯಾ ತನ್ನ ವಾರದ ರಜೆಯನ್ನು ಬಿಟ್ಟುಕೊಟ್ಟಳು. ಆದರೆ ಒಂದು ಬಟ್ಟಲು ಪಲ್ಯ ಕೊಡುವುದು ಬೇರೆ, ಇಪ್ಪತ್ತಾರು ವರ್ಷದ ಹೆಣ್ಣುಮಗಳನ್ನು ಹಗಲಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಬೇರೆ. ಮೂರನೇ ಸೋಮವಾರ ಸಿದ್ದಮ್ಮ ಒಲೆ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದ ತರಕಾರಿಯವಳ ಜೊತೆ ಒಂದು ಮಾತಾಡಿದಳು. ಅಷ್ಟರಲ್ಲಿ ನಂದಾಳಿಗೆ ಫಿಟ್ಸ್ ಬಂತು. ಬಿದ್ದಾಗ ಕೈ ಹಾಲಿನ ಪಾತ್ರೆಗೆ ತಗುಲಿ ಮೊಳಕೈವರೆಗೆ ಸುಟ್ಟಿತು. ಆಸ್ಪತ್ರೆಯಲ್ಲಿ ಸಿದ್ದಮ್ಮ ನಂದಾಳಿಗಿಂತ ಹೆಚ್ಚು ಅತ್ತಳು. ಕಾಶವ್ವ ಅವಳ ಬೆನ್ನು ಸವರಿದಳು. ಆದರೂ ಮುಂದಿನ ಸೋಮವಾರ ಸಿದ್ದಮ್ಮನ ಬಾಗಿಲು ತೆರೆಯಲಿಲ್ಲ. ಒಳಗೆ ಮಿಕ್ಸಿಯ ಸದ್ದು ಕೇಳುತ್ತಿತ್ತು, ಕಾಶವ್ವ ಕದ ತಟ್ಟಿದಾಗ ನಿಂತುಹೋಯಿತು.

ಆಮೇಲೆ ಒಂದೊಂದೇ ಬಾಗಿಲು ಹಾಗಾಯಿತು. ಬಟ್ಟಲು ಕಳಿಸಿದರೆ ಕಾಶವ್ವ ಮಗಳನ್ನೂ ಕಳಿಸಿಯಾಳು ಎಂದು ಹೆದರಿದರು, ಹೆದರಿದ್ದಕ್ಕೆ ನಾಚಿದರು, ನಾಚಿ ಮುಖ ತಪ್ಪಿಸಿದರು. ಆರೈಕೆ ಮನೆ ಕಳೆದುಕೊಂಡ ಉಳಿದ ಹದಿಮೂರು ಮನೆಯವರು ಕಾಶವ್ವನ ಮುಖಕ್ಕೇ ಅಂದರು, ನಿನ್ನ ಮಾತಿನ ಮೇಲೆ ಕಾಳು ಹಾಕಿಸಿಕೊಂಡೆವು ಎಂದು. ತನಗೆ ಮೋಸವಾಯಿತೆಂದು ಅಳಬಹುದಿತ್ತು. ತನ್ನ ಕೈಯಿಂದಲೇ ಇವರಿಗೂ ಮೋಸವಾಯಿತಲ್ಲ ಎಂಬುದಕ್ಕೆ ಅಳುವ ಹಕ್ಕೂ ಇರಲಿಲ್ಲ. ಅಂಗಡಿಯ ಮೆಟ್ಟಿಲಿಗೆ ಹೋಗುವುದನ್ನು ಬಿಟ್ಟು ಅವಳು ಮಗಳ ಪಕ್ಕದಲ್ಲಿ ಕೂತಳು. ಫಲಕದಲ್ಲಿ ಅಂಕ ಅರವತ್ತಕ್ಕೆ, ಐವತ್ತಕ್ಕೆ ಇಳಿಯುತ್ತಿತ್ತು. ಅದನ್ನು ಈಗ ಯಾರೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ರಜಿಯಾ ಬಂದಳು. ಸೆರಗಿನ ಮರೆಯಲ್ಲಿ ಬಟ್ಟಲು, ಬಟ್ಟಲಲ್ಲಿ ಬಿಸಿ ಖಿಚಡಿ. ಅವಳು ಹೊಸ್ತಿಲು ದಾಟಿದಾಗ ಗ್ರಾಹಕ ಸದ್ದು ಮಾಡಲಿಲ್ಲ. ಕಾಶವ್ವ ಬಟ್ಟಲು ತಿರುಗಿಸಿ ನೋಡಿದಳು. ಹೆಸರಿನ ಕೊನೆಯ ಚುಕ್ಕಿಯನ್ನು ರಜಿಯಾ ಚಾಕುವಿನಿಂದ ಕೆತ್ತಿ ಕಾಳು ತೆಗೆದಿದ್ದಳು. ಸ್ಟೀಲಿನ ಮೇಲೆ ಗೀರೆದ್ದಿತ್ತು.

"ಬಟ್ಟಲ ಹಾಳ ಮಾಡೀಯಲ್ಲ," ಎಂದಳು ಕಾಶವ್ವ.

"ಇರ್ಲಿ ಬಿಡಕ್ಕಾ. ನಾ ನಿನಗ ಕೊಟ್ಟಿದ್ದು ಅವರಿಗ್ಯಾಕ ಗೊತ್ತಾಗಬೇಕು?" ರಜಿಯಾ ನಂದಾಳ ಪಕ್ಕ ಕೂತು, ಸುಟ್ಟ ಕೈಗೆ ತಗುಲದಂತೆ ತುತ್ತು ಮಾಡಿ ತಿನ್ನಿಸತೊಡಗಿದಳು. "ನೀ ಎಲ್ಲಿಗರ ಹೋಗೂದಿದ್ರ ಹೋಗಿ ಬಾ. ಸಂಜೀತನ ನಾ ಇಲ್ಲೇ ಇರ್ತೀನಿ."

ಕಾಶವ್ವ ಎದ್ದಳು. ಕಪಾಟಿನಲ್ಲಿ ಮೈತ್ರೇಯಿಯ ಡಬ್ಬಿ ಎರಡು ತಿಂಗಳಿಂದ ಕೂತಿತ್ತು. ಅದನ್ನು ಮತ್ತೆ ತಿಕ್ಕಿ, ತೊಳೆದು, ಬಟ್ಟೆಯಿಂದ ಒರೆಸಿದಳು. ಕೈ ತಾನಾಗಿಯೇ ಸಕ್ಕರೆ ಡಬ್ಬದ ಕಡೆಗೆ ಹೋಯಿತು. ಹಿಂದಕ್ಕೆಳೆದುಕೊಂಡಳು. ಚಪ್ಪಲಿ ಮೆಟ್ಟಿದ ಮೇಲೂ ಒಮ್ಮೆ ಒಳಗೆ ಬಂದು ಆ ಡಬ್ಬದ ಮುಂದೆ ನಿಂತಳು. ಐವತ್ತೆಂಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ. ಮುಚ್ಚಳ ಬಿಗಿದು ಹೊರಟಳು.

ಕೇಂದ್ರದ ಗೇಟಿನ ಹತ್ತಿರ ಬಸ್ಸಿಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಕಾವಲಿನ ಮುದುಕ ಅವಳ ಮುಖ ನೋಡಿ ಏನೂ ಕೇಳದೆ ತನ್ನ ಸ್ಟೂಲನ್ನು ನೆರಳಿಗೆ ಎಳೆದುಕೊಟ್ಟ, ಮಣ್ಣಿನ ಕೊಡದಿಂದ ಲೋಟದ ತುಂಬ ನೀರು ಕೊಟ್ಟ. ಕುಡಿದು, ಲೋಟ ತೊಳೆದಿಟ್ಟು ಅವಳು ಒಳಗೆ ಹೋದಳು.

ಮೈತ್ರೇಯಿ ಆ ದೊಡ್ಡ ಪರದೆಯ ಕೋಣೆಯ ಬಾಗಿಲಿಗೆ ಓಡಿ ಬಂದಳು. ಬಡಕಲಾಗಿದ್ದಳು. ಒಳಗೆ ಬನ್ನಿ ಕಾಶವ್ವ ಎಂದಳು. ಕಾಶವ್ವ ಹೊಸ್ತಿಲ ಹೊರಗೇ ನಿಂತಳು.

"ಇಲ್ಲೇ ಇರ್ತೀನ್ರಿ ಮೇಡಂ," ಎಂದಳು. ಇಷ್ಟು ದಿನ ತಂಗಿ, ನೀ ಎನ್ನುತ್ತಿದ್ದ ಬಾಯಿ. ಮೈತ್ರೇಯಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. "ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು." ಚೌಕಟ್ಟನ್ನು ಬಿಡದೆ ಸೇರಿಸಿದಳು, "ಹೇಳಿದ್ದರೆ ನೀವು ಯಾರೂ ಬಟ್ಟಲು ಕಳಿಸ್ತಿರಲಿಲ್ಲ. ಅಳತೆ ಕೆಡ್ತಿತ್ತು."

ಆಮೇಲೆ ಅವಳು ಒಂದೇ ಉಸಿರಿಗೆ ಎಂಬಂತೆ ಹೇಳಿದಳು. ಹಿಂದಿನ ಗೋಡೆಯ ಮೂಲೆಯಲ್ಲಿ ಎಳೆಗಳೇ ಇಲ್ಲದೆ ಬಿಡಿಬಿಡಿಯಾಗಿ ನಿಂತ ಚುಕ್ಕಿಗಳನ್ನು ತೋರಿಸಿದಳು. ಅದು ಹದಿನಾರನೇ ಬಡಾವಣೆ, ಅಂಕ ಹನ್ನೊಂದು. ಅಲ್ಲಿ ನಂದಾಳಂಥದೇ ಒಬ್ಬ ಹುಡುಗಿ ಇದ್ದಾಳೆ, ಅಲ್ಲಿಗೆ ಆರೈಕೆ ಮನೆ ಬರುವವರೆಗೆ ಅವಳ ತಾಯಿ ಹೊರಗಿನಿಂದ ಚಿಲಕ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. ಎರಡು ಆರೈಕೆ ಮನೆ ಬೇಕೆಂದು ತಾನು ಮೇಲಿನವರನ್ನು ಕೇಳಿದ್ದಾಗಿ ಹೇಳಿದಳು. ಇರುವುದೊಂದೇ, ಎಲ್ಲಿಡಬೇಕೆಂದು ಮಾತ್ರ ಹೇಳಿ ಎಂದರಂತೆ.

ಕಾಶವ್ವ ಆ ಒಂಟಿ ಚುಕ್ಕಿಗಳನ್ನು ಒಂದೊಂದಾಗಿ ನೋಡಿದಳು. ಚಿಲಕ ಹಾಕಿದ ಕೋಣೆಯ ಹುಡುಗಿ ಅವಳ ಕಣ್ಣಿಗೆ ಕಟ್ಟಿದಳು.

"ಆಕಿಗೂ ಬೇಕ್ರಿ. ಬ್ಯಾಡ ಅನ್ನಾಕ ನಾ ಯಾರು," ಎಂದಳು. "ಆದ್ರ ನನ್ನ ಮಗಳ ಕುರ್ಚಿ ಎತ್ತಿ ಆಕಿಗೆ ಹಾಕೂದಕ್ಕ ಇಷ್ಟು ದೊಡ್ಡ ಗ್ವಾಡಿ ಯಾಕ ಬೇಕಿತ್ರಿ? ಇನ್ನೊಂದು ಕುರ್ಚಿ ಮಾಡಿಸಿದ್ರ ಮುಗೀತಿತ್ತು."

ನಂದಾಳ ಕೈ ಸುಟ್ಟ ಸುದ್ದಿ ಮೈತ್ರೇಯಿಗೂ ಮುಟ್ಟಿತ್ತು, ಕೈ ಹೇಗಿದೆ ಎಂದು ಕೇಳಲು ಬಾಯಿ ತೆರೆದು ಮುಚ್ಚಿದಳು.

"ನನ್ನ ಮನ್ಯಾಗ ಉಣಕೋತ ಕುಂತಾಗ ಕೇಳಿದ್ನಲ್ಲ," ಎಂದಳು ಕಾಶವ್ವ. "ಅವತ್ತರ ಹೇಳಬೇಕಿತ್ತು."

ಚೀಲದಿಂದ ಡಬ್ಬಿ ತೆಗೆದು ಎರಡೂ ಕೈಯಿಂದ ಹೊಸ್ತಿಲ ಒಳಗೆ ಚಾಚಿದಳು. ಬಾಗಿಲ ಮೇಲೆ ಟಿಕ್ ಎಂದಿತು. ಮೈತ್ರೇಯಿ ರೂಢಿಯಂತೆ ಭಾರಕ್ಕೆ ಸಿದ್ಧವಾಗಿ ಕೈ ಒಡ್ಡಿದ್ದಳು. ಡಬ್ಬಿ ಅಷ್ಟು ಹಗುರವಾಗಿ ಬಂದದ್ದಕ್ಕೆ ಅವಳ ಕೈ ಮೇಲಕ್ಕೆ ಹಾರಿತು. ಬಳ್ಳಿ ಬಿಡಿಸಿದ ಮುಚ್ಚಳವನ್ನು ತೆಗೆದಳು. ಮೇಲಿನ ಖಾನೆ ನೋಡಿದಳು. ಅದನ್ನೆತ್ತಿ ಕೆಳಗಿನದನ್ನೂ ನೋಡಿದಳು. ಒಂದು ಸಕ್ಕರೆಯ ಹರಳೂ ಇರಲಿಲ್ಲ. ಡಬ್ಬಿಯನ್ನು ಎಷ್ಟು ಚೊಕ್ಕವಾಗಿ ತಿಕ್ಕಲಾಗಿತ್ತೆಂದರೆ ಅವಳ ಮುಖವೇ ಅದರೊಳಗೆ ಕಾಣುತ್ತಿತ್ತು. ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಗೋಡೆಯ ಬುಡಕ್ಕೆ ಕೂತಳು.

ಕಾಶವ್ವ ಅವಳನ್ನು ಎಬ್ಬಿಸಲು ಬಾಗಲಿಲ್ಲ. ತಿರುಗುವ ಮೊದಲು ಒಮ್ಮೆ ಒಳಗೆ ಕಣ್ಣು ಹಾಯಿಸಿದಳು. ಗೋಡೆಯ ಮೇಲೆ, ಎಂಟನೇ ಬಡಾವಣೆಯ ಒಂದು ಚುಕ್ಕಿಯಿಂದ ಕೇಂದ್ರದ ಚುಕ್ಕಿಯವರೆಗೆ ಹೊಸದೊಂದು ಬೆಳ್ಳಿಯ ಎಳೆ ಮೂಡಿ, ಉಳಿದ ಎಲ್ಲ ಎಳೆಗಳ ಹಾಗೆಯೇ ಹೊಳೆಯುತ್ತಿತ್ತು.